ದಣಿವೇ ಅಳತೆಗೋಲು: ಸಿಟ್ರೊಯೆನ್ ಎಸ್‌ಎಂ ಮತ್ತು ಪೋರ್ಷೆ 928

(ಹಳೆಯ ಕಾರುಗಳ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಯುರೋಪಿನ ಹಳೆಯ ಗ್ರ್ಯಾಂಡ್ ಟೂರರ್‌ಗಳ ಮಾತು ಬಂತು ಅಂದರೆ ಚರ್ಚೆ ಸೀದಾ ಫೆರಾರಿ, ಆಸ್ಟನ್ ಮಾರ್ಟಿನ್ ಕಡೆಗೆ ಹೋಗಿಬಿಡುತ್ತದೆ. ಯಾವುದು ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಮುಂದೆ ಇನ್ನೆಷ್ಟು ಏರುತ್ತದೆ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ನಾನು ಇವತ್ತು ಆ ದಾರಿ ಹಿಡಿಯುವುದಿಲ್ಲ. ಆ ಬೆಲೆಯ ಹತ್ತಿರಕ್ಕೂ ಬರದ ಎರಡು ಕಾರುಗಳನ್ನು ಆರಿಸಿಕೊಂಡಿದ್ದೇನೆ. ಒಂದು ಫ್ರಾನ್ಸಿನ ಸಿಟ್ರೊಯೆನ್ ಎಸ್‌ಎಂ, 1970ರದ್ದು. ಇನ್ನೊಂದು ಜರ್ಮನಿಯ ಪೋರ್ಷೆ 928, 1977ರದ್ದು. ಎರಡೂ ಮೊದಲು ಕಾಣಿಸಿಕೊಂಡದ್ದು ಜಿನೀವಾ ಮೋಟಾರ್ ಶೋನಲ್ಲಿ, ಎರಡೂ ಮಾರ್ಚ್ ತಿಂಗಳಲ್ಲಿ, ಏಳು ವರ್ಷದ ಅಂತರದಲ್ಲಿ.

ಇವನ್ನೇ ಯಾಕೆ ಹೋಲಿಸಬೇಕು? ಕಾರಣ ಇದೆ. ಗ್ರ್ಯಾಂಡ್ ಟೂರರ್, ಚಿಕ್ಕದಾಗಿ ಜಿಟಿ, ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಇಬ್ಬರು, ಅವರ ಲಗೇಜು, ಬೆಳಿಗ್ಗೆ ಪ್ಯಾರಿಸ್ ಬಿಟ್ಟರೆ ಸಂಜೆಗೆ ನೀಸ್. 900 ಕಿಲೋಮೀಟರಿಗೂ ಜಾಸ್ತಿ ದಾರಿ. ವೇಗ ಬೇಕು, ನಿಜ. ಆದರೆ ಸಂಜೆ ಕಾರಿನಿಂದ ಇಳಿದಾಗ ನೀವು ಹೇಗಿದ್ದೀರಿ ಅನ್ನುವುದೇ ಮುಖ್ಯ. ಕೈ ನಡುಗುತ್ತಿದೆಯಾ, ಸೊಂಟ ಹಿಡಿದಿದೆಯಾ, ಕಿವಿಯಲ್ಲಿ ಇನ್ನೂ ಎಂಜಿನ್ ಮೊರೆಯುತ್ತಿದೆಯಾ? ಹಾಗಾದರೆ ಅದು ಒಳ್ಳೆಯ ಸ್ಪೋರ್ಟ್ಸ್ ಕಾರ್ ಇರಬಹುದು, ಒಳ್ಳೆಯ ಜಿಟಿ ಅಲ್ಲ. ಜಿಟಿಯನ್ನು ಅಳೆಯಬೇಕಾದದ್ದು ಓಡಿಸುವವನ ದಣಿವಿನಿಂದ. ನನ್ನ ಇಡೀ ಮಾತು ಇದರ ಮೇಲೇ ನಿಂತಿದೆ.

ಬೇರೆ ಕಂಪನಿಗಳು ದೊಡ್ಡ ಎಂಜಿನ್ ಇಟ್ಟು, ಚರ್ಮದ ಸೀಟು ಹಾಕಿ, ಚಂದದ ಮೈ ಹೊದಿಸಿ ಜಿಟಿ ಅಂದವು. ಈ ಎರಡು ಕಂಪನಿಗಳು ಮಾತ್ರ ಓಡಿಸುವವನಿಗೆ ಸುಸ್ತಾಗುವುದು ಯಾಕೆ ಅಂತ ಬುಡದಿಂದ ಕೇಳಿಕೊಂಡವು. ಉತ್ತರಗಳು ಬೇರೆ ಬೇರೆ ಬಂದವು.

ಮೊದಲು ಎಸ್‌ಎಂ.

ಸಿಟ್ರೊಯೆನ್ ಹತ್ತಿರ 1955ರಿಂದಲೇ ಡಿಎಸ್ ಇತ್ತು. ಸ್ಪ್ರಿಂಗ್ ಬದಲು ಎಣ್ಣೆ ಮತ್ತು ಅನಿಲದ ಮೇಲೆ ತೇಲುವ ಕಾರು. ಪ್ರತಿ ಚಕ್ರಕ್ಕೂ ಒಂದು ಲೋಹದ ಗೋಳ. ಗೋಳದೊಳಗೆ ಒಂದು ರಬ್ಬರ್ ಪೊರೆ. ಪೊರೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಒತ್ತಡದ ಎಣ್ಣೆ. ಚಕ್ರ ಗುಂಡಿಗೆ ಬಿದ್ದು ಮೇಲೆದ್ದರೆ ಎಣ್ಣೆ ಪೊರೆಯನ್ನು ಒತ್ತುತ್ತದೆ, ಅನಿಲ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಎಷ್ಟೇ ಭಾರ ಹೇರಿದರೂ ಕಾರಿನ ಎತ್ತರ ಬದಲಾಗುವುದಿಲ್ಲ. ಡಿಎಸ್‌ನಲ್ಲಿ ಕೊರತೆ ಅಂತ ಇದ್ದದ್ದು ಎಂಜಿನ್‌ನದ್ದು. ಅದು ಹಳೆಯ ನಾಲ್ಕು ಸಿಲಿಂಡರ್. 1968ರಲ್ಲಿ ಸಿಟ್ರೊಯೆನ್ ಇಟಲಿಯ ಮಸೆರಾಟಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಡಿಎಸ್‌ನ ಅದೇ ಸಸ್ಪೆನ್ಷನ್ ಇಟ್ಟುಕೊಂಡು ಎಂಜಿನ್ ಕೊರತೆ ತುಂಬುವ ದಾರಿ ಸಿಕ್ಕಿತು.

ಮಸೆರಾಟಿಯ ಎಂಜಿನಿಯರ್ ಜೂಲಿಯೋ ಅಲ್ಫಿಯೇರಿ 90 ಡಿಗ್ರಿ ಕೋನದ ವಿ6 ಮಾಡಿಕೊಟ್ಟರು. ಗಾತ್ರ 2,670 ಸಿಸಿ. ಯಾಕೆ ಮೂರು ಲೀಟರ್ ಇಲ್ಲ ಅಂದರೆ ಫ್ರಾನ್ಸಿನ ತೆರಿಗೆ. ಎಂಜಿನ್ ದೊಡ್ಡದಾದಷ್ಟೂ ಅಲ್ಲಿ ತೆರಿಗೆ ವಿಪರೀತ ಏರುತ್ತಿತ್ತು. ಶಕ್ತಿ 170 ಅಶ್ವಶಕ್ತಿ, ಮೂರು ವೆಬರ್ ಕಾರ್ಬುರೇಟರ್. ಎಂಜಿನ್ ಮುಂದಿನ ಆಕ್ಸಲ್‌ನ ಹಿಂದೆ, ಗೇರ್‌ಬಾಕ್ಸ್ ಅದರ ಮುಂದೆ, ಚಾಲನೆ ಮುಂದಿನ ಚಕ್ರಗಳಿಗೆ. ಮೈಯ ವಿನ್ಯಾಸ ರೊಬೇರ್ ಒಪ್ರೋಂ ಅವರದ್ದು. ಮೇಲಿಂದ ನೋಡಿದರೆ ಕಾರು ಮುಂದೆ ಅಗಲ, ಹಿಂದೆ ಕಿರಿದು. ಮುಂದಿನ ಎರಡು ಚಕ್ರಗಳ ನಡುವಿನ ಅಗಲಕ್ಕಿಂತ ಹಿಂದಿನದ್ದು ಸರಿಯಾಗಿ 200 ಮಿಲಿಮೀಟರ್ ಕಡಿಮೆ. ಗಾಳಿಯಲ್ಲಿ ಸರಾಗವಾಗಿ ಜಾರಲಿ ಅಂತ ಮಾಡಿದ ಆಕಾರ ಅದು. 170 ಅಶ್ವಶಕ್ತಿಯಲ್ಲೇ ಗಂಟೆಗೆ 220 ಕಿಲೋಮೀಟರ್ ಓಡುತ್ತಿತ್ತು ಅಂದರೆ ಆ ಆಕಾರದ ಕೆಲಸ ಎಷ್ಟಿತ್ತು ಅಂತ ತಿಳಿಯುತ್ತದೆ.

ಇಷ್ಟೆಲ್ಲ ಇದ್ದರೂ ಎಸ್‌ಎಂನ ಜೀವ ಇರುವುದು ಸ್ಟಿಯರಿಂಗ್‌ನಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಾಮಾನ್ಯ ಪವರ್ ಸ್ಟಿಯರಿಂಗ್‌ನಲ್ಲಿ ನೀವು ತಿರುಗಿಸುತ್ತೀರಿ, ಎಣ್ಣೆಯ ಒತ್ತಡ ನಿಮಗೆ ಸಹಾಯ ಮಾಡುತ್ತದೆ. ರಸ್ತೆಯ ಏಟು ಚಕ್ರದಿಂದ ನಿಮ್ಮ ಕೈಗೆ ಬರುತ್ತಲೇ ಇರುತ್ತದೆ. ಎಸ್‌ಎಂನ ದಿರಾವಿ ಅನ್ನುವ ವ್ಯವಸ್ಥೆಯಲ್ಲಿ ಹಾಗಲ್ಲ. ನಿಮ್ಮ ಕೈ ತಿರುಗಿಸುವುದು ಒಂದು ಕವಾಟವನ್ನು ಮಾತ್ರ. ಚಕ್ರ ತಿರುಗಿಸುವ ಕೆಲಸ ಪೂರ್ತಿ ಎಣ್ಣೆಯದ್ದು. ಮುಂದಿನ ಟೈರು ಗುಂಡಿಗೆ ಬಿದ್ದರೂ, ಒಡೆದರೂ ಕೂಡ, ಸ್ಟಿಯರಿಂಗ್ ಚಕ್ರ ಕೈಯಲ್ಲಿ ಅಲುಗುವುದಿಲ್ಲ. ಈ ಕೊನೆಯಿಂದ ಆ ಕೊನೆಗೆ ಎರಡೇ ಸುತ್ತು. ಆ ಕಾಲದ ಬೇರೆ ಕಾರುಗಳಲ್ಲಿ ಮೂರು, ನಾಲ್ಕು ಸುತ್ತು ಮಾಮೂಲಿ.

ಎರಡೇ ಸುತ್ತು ಅಂದರೆ ವೇಗದಲ್ಲಿ ಸುಮ್ನೆ ಕೈ ಅಲ್ಲಾಡಿದರೂ ಕಾರು ಪಕ್ಕಕ್ಕೆ ಹಾರಬೇಕಲ್ವಾ? ಹಾರುವುದಿಲ್ಲ. ಸ್ಟಿಯರಿಂಗ್‌ನ ಜೊತೆ ಹೃದಯದ ಆಕಾರದ ಒಂದು ಕ್ಯಾಮ್ ಕೂರಿಸಿದ್ದಾರೆ. ಅದರ ಅಂಚಿಗೆ ಒಂದು ರೋಲರ್ ಒತ್ತಿಕೊಂಡಿರುತ್ತದೆ. ರೋಲರ್ ಒತ್ತುವುದು ಎಣ್ಣೆಯಿಂದ ತಳ್ಳಲ್ಪಡುವ ಪಿಸ್ಟನ್. ಆ ಒತ್ತಡವನ್ನು ನಿಗದಿ ಮಾಡುವ ಗವರ್ನರ್ ಅನ್ನುವ ಸಾಧನ ಗೇರ್‌ಬಾಕ್ಸ್‌ನಿಂದ ತಿರುಗುತ್ತದೆ. ಕಾರಿನ ವೇಗ ಏರಿದಂತೆ ಒತ್ತಡವೂ ಏರುತ್ತದೆ. ರೋಲರ್ ಯಾವಾಗಲೂ ಹೃದಯದ ತಗ್ಗಿಗೆ ಇಳಿಯಲು ನೋಡುತ್ತದೆ, ಅಂದರೆ ಚಕ್ರ ನೇರವಾಗುವ ಕಡೆಗೆ. ಹಾಗಾಗಿ ನಿಲ್ಲಿಸುವಾಗ ಒಂದು ಬೆರಳಿನಲ್ಲಿ ತಿರುಗಿಸಬಹುದು. 180 ಕಿಲೋಮೀಟರ್ ವೇಗದಲ್ಲಿ ಅದೇ ಸ್ಟಿಯರಿಂಗ್ ಗಟ್ಟಿಯಾಗಿ ನಡುವಿನಲ್ಲಿ ನಿಂತಿರುತ್ತದೆ. ಎಂಜಿನ್ ಚಾಲೂ ಇದ್ದರೆ, ಕಾರು ನಿಂತಿದ್ದರೂ, ಕೈ ಬಿಟ್ಟ ತಕ್ಷಣ ಸ್ಟಿಯರಿಂಗ್ ತಾನೇ ತಿರುಗಿ ನೇರವಾಗುತ್ತದೆ. ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಬರೀ ಎಣ್ಣೆ, ಕ್ಯಾಮ್, ಗವರ್ನರ್ ಇಟ್ಟುಕೊಂಡು ಇದನ್ನು ಮಾಡಿದ್ದಾರೆ. ಇದರ ಮುಂದೆ ನನಗೆ ಅದೇ ಕಾಲದ ಎಷ್ಟೋ ಹನ್ನೆರಡು ಸಿಲಿಂಡರ್ ಎಂಜಿನ್‌ಗಳು ಸಪ್ಪೆ ಅನ್ನಿಸುತ್ತವೆ.

ಬ್ರೇಕಿಗೂ ಅದೇ ಎಣ್ಣೆ. ಪೆಡಲ್ ಬದಲು ನೆಲದ ಮೇಲೆ ರಬ್ಬರಿನ ಒಂದು ಗುಂಡಿ. ಅದು ಕೆಳಕ್ಕೆ ಇಳಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಇಳಿಯುತ್ತದೆ, ಕಾಲಿನ ಒತ್ತಡವನ್ನಷ್ಟೇ ಅಳೆಯುತ್ತದೆ. ಮುಂದೆ ಗಾಜಿನ ಹಿಂದೆ ಆರು ದೀಪ. ಒಳಗಿನ ಎರಡು ಸ್ಟಿಯರಿಂಗ್ ಜೊತೆ ತಿರುಗಿ, ಕಾರು ಹೋಗುವ ಮೊದಲೇ ತಿರುವನ್ನು ಬೆಳಗುತ್ತವೆ. ರಾತ್ರಿ ಓಡಿಸುವವನ ಕಣ್ಣಿಗೆ ಆಗುವ ಸುಸ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅಮೆರಿಕದ ನಿಯಮ ಇದನ್ನು ಒಪ್ಪಲಿಲ್ಲ. ಅಲ್ಲಿಗೆ ಹೋದ ಎಸ್‌ಎಂಗಳಲ್ಲಿ ಗಾಜಿನ ಮುಸುಕು ಇಲ್ಲದ ನಾಲ್ಕು ದುಂಡು ದೀಪಗಳಿವೆ. ಕಾರಿನ ಮುಖವೇ ಹಾಳಾಗಿದೆ ಅಂತ ನನ್ನ ಅಭಿಪ್ರಾಯ. ಆದರೂ ಅಲ್ಲಿನ ಮೋಟಾರ್ ಟ್ರೆಂಡ್ ಪತ್ರಿಕೆ 1972ರಲ್ಲಿ ಎಸ್‌ಎಂಗೆ ವರ್ಷದ ಕಾರು ಅನ್ನುವ ಗೌರವ ಕೊಟ್ಟಿತು.

ಹೀಗೆ ಸಿಟ್ರೊಯೆನ್ ಕಂಡ ಉತ್ತರ ಇದು: ಓಡಿಸುವವನನ್ನು ದಣಿಸುವುದು ರಸ್ತೆ, ಹಾಗಾಗಿ ರಸ್ತೆ ಅವನ ತನಕ ತಲುಪದಂತೆ ತಡೆಯಬೇಕು.

ಆದರೆ ಇದಕ್ಕೆ ಓಡಿಸುವವನೂ ಬದಲಾಗಬೇಕು. ಬೇರೆ ಕಾರಿನ ಅಭ್ಯಾಸ ಇಟ್ಟುಕೊಂಡು ಎಸ್‌ಎಂ ಹತ್ತಿದರೆ ಮೊದಲ ತಿರುವಿನಲ್ಲೇ ಜಾಸ್ತಿ ತಿರುಗಿಸಿಬಿಡುತ್ತೀರಿ. ಬ್ರೇಕ್ ಒತ್ತಿದರೆ ತಲೆ ಮುಂದಕ್ಕೆ ಜಗ್ಗುತ್ತದೆ. ತೋಳಿನ ಬಲ ಬಿಡಬೇಕು, ಬೆರಳಿನಲ್ಲಿ ಓಡಿಸಬೇಕು. ಕೈಗೆ ಕೂರಲು ಕೆಲವು ಗಂಟೆ ಬೇಕು. ಅದು ಕೂತ ಮೇಲೆ ಬೇರೆ ಕಾರುಗಳ ಸ್ಟಿಯರಿಂಗ್ ಒರಟು ಅನ್ನಿಸಲು ಶುರುವಾಗುತ್ತದೆ.

ಈಗ ಪೋರ್ಷೆ.

1970ರ ದಶಕದ ಶುರುವಿನಲ್ಲಿ ಪೋರ್ಷೆಗೆ ಒಂದು ಚಿಂತೆ ಇತ್ತು. ಅವರ 911ರ ಎಂಜಿನ್ ಹಿಂದೆ, ಅದೂ ಗಾಳಿಯಿಂದ ತಂಪಾಗುವಂಥದ್ದು. ಸದ್ದು, ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದವು. 911ಕ್ಕೆ ಇನ್ನು ಹೆಚ್ಚು ದಿನ ಆಯಸ್ಸಿಲ್ಲ ಅಂತ ಕಂಪನಿಯ ಮುಖ್ಯಸ್ಥ ಅರ್ನ್ಸ್ಟ್ ಫೂರ್ಮನ್ ನಂಬಿದ್ದರು. ಅದರ ಜಾಗಕ್ಕೆ ಬರಬೇಕಾದ ಕಾರೇ 928. ಖಾಲಿ ಹಾಳೆಯಿಂದ ಶುರು ಮಾಡಿದರು. ಎಂಜಿನ್ ಮುಂದೆ, ನೀರಿನಿಂದ ತಂಪಾಗುವ 4.5 ಲೀಟರ್ ವಿ8, 240 ಅಶ್ವಶಕ್ತಿ. ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಹತ್ತಿರ. ಎರಡನ್ನೂ ಸೇರಿಸುವುದು ಒಂದು ಗಟ್ಟಿ ಕೊಳವೆ, ಅದರೊಳಗೆ ತಿರುಗುವ ಸಣ್ಣ ಶಾಫ್ಟ್. ಭಾರ ಮುಂದೆ ಹಿಂದೆ ಹತ್ತಿರ ಹತ್ತಿರ ಸಮ. ಎಂಜಿನ್ ಬ್ಲಾಕ್ ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ, ಸಿಲಿಂಡರ್‌ಗಳಿಗೆ ಕಬ್ಬಿಣದ ಲೈನರ್ ಇಲ್ಲ. ಮೈಯ ಉಕ್ಕಿಗೆ ಸತುವಿನ ಲೇಪ. ಬಾಗಿಲು, ಬಾನೆಟ್, ಮುಂದಿನ ಮಡ್‌ಗಾರ್ಡ್ ಅಲ್ಯೂಮಿನಿಯಂ. ವಿನ್ಯಾಸ ಆನಟೋಲ್ ಲಾಪಿನ್ ಅವರ ತಂಡದ್ದು, ಮೈಯ ರೇಖೆಗಳು ವೋಲ್ಫ್‌ಗಾಂಗ್ ಮ್ಯೋಬಿಯಸ್ ಅವರವು. ಬಂಪರ್ ಬೇರೆಯಾಗಿ ಕಾಣುವುದೇ ಇಲ್ಲ, ಮೈಯ ಬಣ್ಣದಲ್ಲೇ ಮೈಯೊಳಗೆ ಸೇರಿಕೊಂಡಿದೆ. ಇವತ್ತು ಎಲ್ಲ ಕಾರುಗಳೂ ಹೀಗೇ ಇವೆ. 1977ರಲ್ಲಿ ಬೇರೆಯವರು ಕ್ರೋಮ್ ಪಟ್ಟಿ, ಕಪ್ಪು ರಬ್ಬರ್ ಹಚ್ಚಿಕೊಂಡಿದ್ದರು.

ಪೋರ್ಷೆ ಕಂಡ ಉತ್ತರ ಬೇರೆ. ಓಡಿಸುವವನನ್ನು ದಣಿಸುವುದು ಭಯ. ವೇಗವಾಗಿ ತಿರುವಿಗೆ ನುಗ್ಗಿದ್ದೀರಿ, ಎದುರಿಗೆ ಏನೋ ಕಂಡಿತು, ಗಾಬರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಿ. ಹಿಂದೆ ಎಂಜಿನ್ ಇರುವ 911ನಲ್ಲಿ ಆ ಕ್ಷಣದಲ್ಲಿ ಹಿಂಭಾಗ ಹೊರಕ್ಕೆ ಬೀಸುತ್ತದೆ. ಹಾಗಾದೀತು ಅಂತ ಗೊತ್ತಿರುವವನು ದಿನವಿಡೀ ಹುಷಾರಾಗಿರಬೇಕು. ಆ ಹುಷಾರೇ ಸುಸ್ತು ತರುವುದು. 

ಇದಕ್ಕೆ ಅವರು ಕಂಡುಕೊಂಡ ಪರಿಹಾರ ವೈಸಾಖ್ ಆಕ್ಸಲ್. ಹಿಂದಿನ ಚಕ್ರ ಹಿಡಿದಿರುವ ತೋಳಿಗೂ ಮೈಗೂ ನಡುವೆ ರಬ್ಬರ್ ಬುಷ್‌ಗಳಿರುತ್ತವೆ. ಕಾಲು ತೆಗೆದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ರಬ್ಬರ್ ಸ್ವಲ್ಪ ಬಾಗುತ್ತದೆ. ಮಾಮೂಲಿ ಕಾರಿನಲ್ಲಿ ಹೀಗಾದಾಗ ಚಕ್ರದ ಮುಂಭಾಗ ಹೊರಗೆ ತಿರುಗುತ್ತದೆ, ಅಲ್ಲಿಗೆ ಹಿಂಭಾಗದ ಹಿಡಿತ ತಪ್ಪುತ್ತದೆ. ಪೋರ್ಷೆಯವರು ತೋಳಿನ ಮುಂದಿನ ತುದಿಗೆ ಒಂದು ಚಿಕ್ಕ ಕೀಲು ಕೊಟ್ಟರು. ಅದೇ ಎಳೆತ ಬಂದಾಗ ಈಗ ಚಕ್ರ ಕೂದಲೆಳೆಯಷ್ಟು ಒಳಗೆ ತಿರುಗುತ್ತದೆ. ಕಾರು ತಾನೇ ಸಾವರಿಸಿಕೊಳ್ಳುತ್ತದೆ. ಎಣ್ಣೆ ಇಲ್ಲ, ಪಂಪ್ ಇಲ್ಲ, ಹಾಳಾಗುವ ಕವಾಟ ಇಲ್ಲ. ಬರೀ ಜ್ಯಾಮಿತಿ. ಓಡಿಸುವವನಿಗೆ ಏನಾಯಿತು ಅಂತಲೂ ಗೊತ್ತಾಗುವುದಿಲ್ಲ, ಅವನು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಎಸ್‌ಎಂ ತನ್ನನ್ನು ಕಲಿಯಿರಿ ಅನ್ನುತ್ತದೆ. 928 ನಿಮ್ಮ ತಪ್ಪನ್ನು ಮೊದಲೇ ಊಹಿಸಿ ಅದಕ್ಕೆ ಜಾಗ ಮಾಡಿಟ್ಟಿರುತ್ತದೆ.

ಒಳಗೂ ಇದೇ ಬುದ್ಧಿ. ಸ್ಟಿಯರಿಂಗನ್ನು ಮೇಲೆ ಕೆಳಗೆ ಮಾಡಿದರೆ ಮೀಟರುಗಳ ಇಡೀ ಗೂಡು ಜೊತೆಯಲ್ಲೇ ಚಲಿಸುತ್ತದೆ. ಎತ್ತರದವರಿಗೂ ಕುಳ್ಳರಿಗೂ ಮೀಟರು ಮರೆಯಾಗುವುದಿಲ್ಲ. ಹಿಂದಿನ ಎರಡು ಸಣ್ಣ ಸೀಟಿನವರಿಗೂ ಬಿಸಿಲು ತಡೆಯುವ ಸನ್ ವೈಸರ್ ಇದೆ. ಇಂಥ ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಂಡವರನ್ನು ಕಂಡರೆ ನನಗೆ ಗೌರವ ಬರುತ್ತದೆ. ಮೊದಲ ವರ್ಷಗಳ ಸೀಟಿನ ಬಟ್ಟೆ ಮಾತ್ರ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಪಾಶಾ ಅನ್ನುವ ಕಪ್ಪು ಬಿಳುಪು ಚೌಕಗಳ ಆ ವಿನ್ಯಾಸ ನೋಡುತ್ತಿದ್ದರೆ ಅಲುಗಿದ ಹಾಗೆ ಕಾಣುತ್ತದೆ. ನನಗೆ ಅದು ತುಂಬ ಇಷ್ಟ. ಮೂಲ ಪಾಶಾ ಬಟ್ಟೆ ಹರಿಯದೆ ಉಳಿದ ಕಾರು ಸಿಕ್ಕರೆ ದಯವಿಟ್ಟು ಚರ್ಮ ಹೊದಿಸಲು ಹೋಗಬೇಡಿ.

928 ಯುರೋಪಿನಲ್ಲಿ 1978ರ ವರ್ಷದ ಕಾರು ಆಯಿತು. ಆ ಪ್ರಶಸ್ತಿ ಗೆದ್ದ ಸ್ಪೋರ್ಟ್ಸ್ ಕಾರು ಅದೊಂದೇ.

ಇಷ್ಟು ಒಳ್ಳೆಯ ಕಾರುಗಳಾದರೆ ಎರಡಕ್ಕೂ ಯಾಕೆ ಹಿನ್ನಡೆ ಆಯಿತು?

ಎಸ್‌ಎಂ ಕಥೆ ಅಂಕಿಗಳಲ್ಲೇ ಕಾಣುತ್ತದೆ. 1971ರಲ್ಲಿ 4,988 ಕಾರು ತಯಾರಾದವು. 1973ರಲ್ಲಿ 2,619. 1974ರಲ್ಲಿ ಬರೀ 294. 1975ರಲ್ಲಿ 115, ಅಲ್ಲಿಗೆ ಬಾಗಿಲು ಹಾಕಿದರು. ಒಟ್ಟು 12,920. 1973ರ ಕೊನೆಗೆ ತೈಲ ಬಿಕ್ಕಟ್ಟು ಬಂತು, ಫ್ರಾನ್ಸಿನ ಹೆದ್ದಾರಿಗಳಿಗೆ ವೇಗ ಮಿತಿಯೂ ಬಂತು. ಎಂಜಿನ್ ನಿಂತರೆ ಕೆಳಕ್ಕೆ ಕುಸಿದು, ಚಾಲೂ ಆದರೆ ಮೇಲೇಳುವ ಈ ಕಾರು ಅಮೆರಿಕದ ಹೊಸ ಬಂಪರ್ ನಿಯಮಕ್ಕೆ ಹೊಂದಲಿಲ್ಲ, ದೊಡ್ಡ ಮಾರುಕಟ್ಟೆ ಕೈ ತಪ್ಪಿತು. ಸಿಟ್ರೊಯೆನ್ ಸಾಲದಲ್ಲಿ ಮುಳುಗಿ ಪ್ಯೂಜೋ ಕೈಗೆ ಹೋಯಿತು. ಕೊನೆಯ ಕಾರುಗಳನ್ನು ವಿಶಿ ಹತ್ತಿರದ ಲಿಜಿಯೇ ಕಾರ್ಖಾನೆಯಲ್ಲಿ ಜೋಡಿಸಿದರು. ಕಾರು ಬಲಹೀನ ಆಗಿತ್ತು ಅಂತ ಮಾತ್ರ ಹೇಳಬೇಡಿ. 1971ರ ಮೊರಾಕೊ ರ‍್ಯಾಲಿ ಗೆದ್ದದ್ದು ಎಸ್‌ಎಂ. ಆಂರಿ ಶಾಪ್ರೋಂ 1972ರಲ್ಲಿ ಫ್ರಾನ್ಸಿನ ಅಧ್ಯಕ್ಷರಿಗಾಗಿ ಎರಡು ತೆರೆದ, ನಾಲ್ಕು ಬಾಗಿಲಿನ ಎಸ್‌ಎಂ ಕಟ್ಟಿಕೊಟ್ಟರು. 1995ರಲ್ಲಿ ಜಾಕ್ ಶಿರಾಕ್ ಅಧಿಕಾರ ವಹಿಸಿಕೊಂಡ ದಿನವೂ ಆ ಕಾರು ಮೆರವಣಿಗೆಯಲ್ಲಿತ್ತು.

928ರದ್ದು ಬೇರೆ ಥರದ ಕಥೆ. ಅದು ಸೋಲಲಿಲ್ಲ. 1995ರ ತನಕ ಸುಮಾರು 61 ಸಾವಿರ ಕಾರು ತಯಾರಾದವು. ಆದರೆ 911 ಸಾಯಲಿಲ್ಲ. ಪೋರ್ಷೆ ಕೊಳ್ಳುವವರು 911 ಬಿಡಲು ತಯಾರಿರಲಿಲ್ಲ. 1981ರಲ್ಲಿ ಬಂದ ಹೊಸ ಮುಖ್ಯಸ್ಥ ಪೀಟರ್ ಶುಟ್ಜ್ 911ನ್ನು ಮುಂದುವರಿಸಿದರು. ಆಮೇಲೆ 928 ತನ್ನ ಮನೆಯಲ್ಲೇ ಎರಡನೆಯದಾಯಿತು. ಎಲ್ಲರೂ ಅದನ್ನು 911ರ ಕಣ್ಣಿನಿಂದ ನೋಡಿದರು. ಭಾರ ಜಾಸ್ತಿ, ಆಟವಾಡಿಸುವುದಿಲ್ಲ, ಮೆತ್ತಗಿದೆ ಅಂದರು. ಎಸ್‌ಎಂಗೂ ಜನ ಅದನ್ನೇ ಅಂದದ್ದು: ಸ್ಟಿಯರಿಂಗ್‌ನಲ್ಲಿ ರಸ್ತೆಯ ಅನುಭವವೇ ಇಲ್ಲ. ಎರಡರ ದೂರೂ ಒಂದೇ. ಹತ್ತು ಕಿಲೋಮೀಟರ್ ಓಡಿಸಿ ಹೇಳುವ ದೂರು ಅದು. 900 ಕಿಲೋಮೀಟರ್ ಓಡಿಸಿದವನು ಹಾಗೆ ಹೇಳುವುದಿಲ್ಲ.

ಈಗ ಕೊಂಡು ಇಟ್ಟುಕೊಳ್ಳುವ ವಿಷಯ. ನಿಮ್ಮಲ್ಲಿ ಹಲವರು ಇದಕ್ಕೇ ಕಾದಿದ್ದೀರಿ ಅಂತ ಗೊತ್ತು.

ಎಸ್‌ಎಂ ಅಂದ ತಕ್ಷಣ ಎಲ್ಲರೂ ಹೈಡ್ರಾಲಿಕ್ಸ್‌ಗೆ, ಅಂದರೆ ಆ ಎಣ್ಣೆಯ ವ್ಯವಸ್ಥೆಗೆ, ಹೆದರುತ್ತಾರೆ. ಹೆದರಬೇಕಾದದ್ದು ಅದಕ್ಕಲ್ಲ. ಗೋಳಗಳಲ್ಲಿ ನೈಟ್ರೋಜನ್ ವರ್ಷ ಕಳೆದಂತೆ ಸೋರುತ್ತದೆ, ಆಗ ಕಾರು ಗಡುಸಾಗುತ್ತದೆ. ಗೋಳ ಬಿಚ್ಚಿ ಅನಿಲ ತುಂಬಿಸಬಹುದು, ಬೇರೆಯದನ್ನೂ ಹಾಕಬಹುದು. ಸರಿಯಾದ ಹಸಿರು ಎಲ್‌ಎಚ್‌ಎಂ ಎಣ್ಣೆ ಹಾಕಿ, ಕಾಲಕಾಲಕ್ಕೆ ಬದಲಾಯಿಸಿದರೆ ಈ ವ್ಯವಸ್ಥೆ ದಶಕಗಟ್ಟಲೆ ಬಾಳುತ್ತದೆ. ಒಂದೇ ಒಂದು ತಪ್ಪು ಮಾಡಬಾರದು. ಗೊತ್ತಿಲ್ಲದ ಮೆಕ್ಯಾನಿಕ್ ಯಾರಾದರೂ ಮಾಮೂಲಿ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಹಾಳು. ಬಾನೆಟ್ ತೆರೆದು ಎಣ್ಣೆಯ ಬಣ್ಣ ನೋಡಿ. ಶುದ್ಧ ಹಸಿರು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬೆಲೆ ಮಾತಾಡುವ ಮೊದಲು ಕಾರಣ ಕೇಳಿ.

ನಿಜವಾದ ಅಪಾಯ ಎಂಜಿನ್ನಿನ ಚೈನುಗಳಲ್ಲಿದೆ. ವಿ6ರ ಎರಡು ಸಾಲುಗಳ ನಡುವೆ ಒಂದು ಶಾಫ್ಟ್ ಇದೆ. ಒಂದು ಚೈನು ಕ್ರ್ಯಾಂಕ್‌ನಿಂದ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದಿಂದ, ಆ ಶಾಫ್ಟ್ ತಿರುಗಿಸುತ್ತದೆ. ಅಲ್ಲಿಂದ ಬೇರೆ ಚೈನುಗಳು ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳಿಗೆ ಹೋಗುತ್ತವೆ. ಹೈಡ್ರಾಲಿಕ್ ಪಂಪ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಎಲ್ಲವೂ ಅದೇ ಶಾಫ್ಟಿನ ತಲೆಯ ಮೇಲೆ. ಎಸಿ ಹಾಕಿದಾಗ ಆಗುವ ಜಗ್ಗಾಟ ಕೂಡ ಅದೇ ಚೈನಿಗೆ. ಚೈನನ್ನು ಬಿಗಿಯಾಗಿ ಹಿಡಿಯುವ ಮೂಲ ಟೆನ್ಷನರ್ ಇದನ್ನು ತಡೆಯುವಷ್ಟು ಗಟ್ಟಿ ಇಲ್ಲ. ಚೈನು ಸಡಿಲವಾಗಿ ಹಲ್ಲು ಜಿಗಿದರೆ ಕವಾಟ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಇನ್ನೊಂದು, ಎಗ್ಸಾಸ್ಟ್ ಕವಾಟಗಳು. ಶಾಖ ತಡೆಯಲಿ ಅಂತ ಅವುಗಳ ಒಳಗೆ ಸೋಡಿಯಂ ತುಂಬಿದ್ದರು. ಹಳೆಯದಾದಾಗ ಅವು ಮುರಿಯುತ್ತವೆ. ಇವೆರಡಕ್ಕೂ ಒಳ್ಳೆಯ ಪರಿಹಾರ ಈಗಿದೆ. ಸುಧಾರಿಸಿದ ಟೆನ್ಷನರ್, ಗಟ್ಟಿ ಕವಾಟ ಹಾಕಿದ ಎಂಜಿನ್‌ಗಳು ನೆಮ್ಮದಿಯಿಂದ ಓಡುತ್ತಿವೆ. ಆ ಕೆಲಸ ಆಗಿರುವುದಕ್ಕೆ ಬಿಲ್ಲು, ಫೋಟೋ ಇದ್ದರೆ ಮಾತ್ರ ನಂಬಿ. ಬಾಯಿ ಮಾತಿಗೆ ಬೆಲೆ ಕಟ್ಟಬೇಡಿ. ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಕಾರಿಗಿಂತ ರಿಪೇರಿ ಖರ್ಚೇ ಜಾಸ್ತಿ ಆಗುತ್ತದೆ.

ತುಕ್ಕನ್ನೂ ನೋಡಬೇಕು. ಆ ಕಾಲದ ಸಿಟ್ರೊಯೆನ್ ಉಕ್ಕಿಗೆ ಸತುವಿನ ರಕ್ಷಣೆ ಇಲ್ಲ.

928ರಲ್ಲಿ ತುಕ್ಕಿನ ಚಿಂತೆ ಅಷ್ಟಿಲ್ಲ. ಅದರ ಸಂಕಟ ವೈರಿಂಗ್‌ನಲ್ಲಿ ಮತ್ತು ಮುಂದಕ್ಕೆ ಹಾಕಿದ ಕೆಲಸಗಳಲ್ಲಿ. ವೈರಿಂಗ್‌ನ ಅರ್ಥಿಂಗ್ ತಂತಿಗಳು ಕೂರುವ ಜಾಗಗಳು ಕಿಲುಬು ಹಿಡಿಯುತ್ತವೆ, ಆಮೇಲೆ ಒಂದು ಗುಂಡಿ ಒತ್ತಿದರೆ ಇನ್ನೇನೋ ಆಗುತ್ತದೆ. ಬಿಚ್ಚಿ ಉಜ್ಜಿ ಮತ್ತೆ ಬಿಗಿದರೆ ಅರ್ಧ ಕಾಯಿಲೆ ವಾಸಿ. ಟೈಮಿಂಗ್ ಬೆಲ್ಟ್ ಉದ್ದವಾದದ್ದು. ನೀರಿನ ಪಂಪನ್ನೂ ಅದೇ ತಿರುಗಿಸುತ್ತದೆ. ಪಂಪಿನ ಬೇರಿಂಗ್ ಹೋದರೆ ಬೆಲ್ಟನ್ನೂ ಕರೆದುಕೊಂಡು ಹೋಗುತ್ತದೆ. 32 ಕವಾಟಗಳ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಕವಾಟಗಳು ಬಾಗಿದವು ಅಂತಲೇ ಲೆಕ್ಕ. ಹಾಗಾಗಿ ಬೆಲ್ಟ್ ಬದಲಾಯಿಸುವಾಗ ಪಂಪನ್ನೂ ಬದಲಾಯಿಸಿದ್ದಾರಾ ಕೇಳಿ.

ಆಟೋಮ್ಯಾಟಿಕ್ 928 ಕೊಳ್ಳುವವರು ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಮುಂದಿನಿಂದ ಹಿಂದಕ್ಕೆ ಹೋಗುವ ಶಾಫ್ಟ್ ಎಂಜಿನ್ ಕಡೆ ಒಂದು ಕ್ಲ್ಯಾಂಪ್‌ನಲ್ಲಿ ಬಿಗಿದಿರುತ್ತದೆ. ವರ್ಷಗಳಲ್ಲಿ ಶಾಫ್ಟ್ ಆ ಕ್ಲ್ಯಾಂಪ್‌ನೊಳಗೆ ಸ್ವಲ್ಪ ಸ್ವಲ್ಪವೇ ಜಾರಿ, ಎಂಜಿನ್ ಹಿಂದಿನ ಫ್ಲೆಕ್ಸ್ ಪ್ಲೇಟ್ ಅನ್ನುವ ತೆಳು ತಟ್ಟೆಯನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಕ್ರ್ಯಾಂಕ್ ಮುಂದೆ ಹಿಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಬೇರಿಂಗ್ ಸವೆದರೆ ಕ್ರ್ಯಾಂಕ್ ಹೋಗಿ ಬ್ಲಾಕ್ ಕೊರೆಯುತ್ತದೆ. ಅಷ್ಟಾದರೆ ಎಂಜಿನ್ ಮುಗಿಯಿತು. ತಡೆಯುವುದು ಸುಲಭ. ಕಾರಿನ ಕೆಳಗೆ ಹೋಗಿ ಕ್ಲ್ಯಾಂಪ್‌ನ ಬೋಲ್ಟ್ ಸಡಿಲಿಸಿದರೆ ಒತ್ತಡ ಬಿಡುಗಡೆಯಾಗುತ್ತದೆ, ಮತ್ತೆ ಬಿಗಿಯಬೇಕು. ಜೊತೆಗೆ ಕ್ರ್ಯಾಂಕ್ ಮುಂದೆ ಹಿಂದೆ ಎಷ್ಟು ಆಡುತ್ತದೆ ಅಂತ ಡಯಲ್ ಗೇಜ್ ಇಟ್ಟು ಅಳೆಯಬೇಕು. ಮಾರುವವನು ಇದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಅಂತೂ ಎರಡರಲ್ಲೂ ಬೆಲೆ ಇರುವುದು ದಾಖಲೆಗಳ ಕಡತಕ್ಕೆ. ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ಓಡದೆ ನಿಂತ ಕಾರು ಕಡಿಮೆ ಕಿಲೋಮೀಟರ್ ತೋರಿಸುತ್ತದೆ, ನಿಜ. ಆದರೆ ಸೀಲು, ಪೊರೆ, ಬೆಲ್ಟು ಎಲ್ಲ ನಿಂತಲ್ಲೇ ಒಣಗಿರುತ್ತವೆ. ಓಡುತ್ತಲೇ ಇದ್ದ, ಹೆಚ್ಚು ಕಿಲೋಮೀಟರಿನ ಕಾರನ್ನೇ ನಾನು ಆರಿಸುತ್ತೇನೆ.

ಇನ್ನು, ಎರಡರಲ್ಲಿ ಯಾವುದು? ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ನನ್ನ ಆಯ್ಕೆ ಎಸ್‌ಎಂ.

928 ಉತ್ತಮ ಕಾರು. ಗಟ್ಟಿ, ವೇಗ ಜಾಸ್ತಿ, ಕೆಡುವುದು ಕಡಿಮೆ. ಮೊದಲ ಸಲ ಕೂತವರೂ ನೆಮ್ಮದಿಯಿಂದ ಓಡಿಸಬಹುದು. ಇದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಆದರೆ 928 ಕಲಿಸಿದ್ದನ್ನು ಮಿಕ್ಕ ಕಾರುಗಳು ಕಲಿತುಬಿಟ್ಟಿವೆ. ಹಿಂದಿನ ಚಕ್ರದ ಕೋನವನ್ನು ಹದದಲ್ಲಿಡುವ ಸಸ್ಪೆನ್ಷನ್ ಇವತ್ತು ಮಾಮೂಲಿ. ಮೈಯೊಳಗೆ ಸೇರಿದ ಬಂಪರ್ ಮಾಮೂಲಿ. 928 ಒಂದೂ ಉಳಿಯದಿದ್ದರೂ ಅದರ ವಿಚಾರ ಉಳಿಯುತ್ತದೆ. ಎಸ್‌ಎಂ ಹಾಗಲ್ಲ. ಆ ಸ್ಟಿಯರಿಂಗ್ ಸಿಟ್ರೊಯೆನ್ ಸಿಎಕ್ಸ್, ಮಸೆರಾಟಿ ಖಮ್ಸಿನ್‌ನಂಥ ಕೆಲವೇ ಕಾರುಗಳಿಗೆ ಹೋಗಿ ಅಲ್ಲಿಗೇ ನಿಂತಿತು. ಆ ಎಣ್ಣೆಯ ಸಸ್ಪೆನ್ಷನ್ನನ್ನು ಸಿಟ್ರೊಯೆನ್ ಕೂಡ ಕೈಬಿಟ್ಟಿದೆ. ಹಾಗೆ ಓಡಿಸುವುದು ಹೇಗಿತ್ತು ಅಂತ ಪುಸ್ತಕ ಓದಿ ತಿಳಿಯುವಂತಿಲ್ಲ. ಮ್ಯೂಸಿಯಮ್ಮಿನಲ್ಲಿ ನೆಲಕ್ಕೆ ಕುಸಿದು ಕೂತ ಎಸ್‌ಎಂ ನೋಡಿದರೂ ತಿಳಿಯುವುದಿಲ್ಲ. ಎಂಜಿನ್ ಚಾಲೂ ಆಗಬೇಕು, ಪಂಪ್ ತಿರುಗಬೇಕು, ಕಾರು ಮೇಲೇಳಬೇಕು. ಇಂಥ ಕಾರಿಗೇ ಒಬ್ಬ ಸಂಗ್ರಾಹಕ ಬೇಕಾಗಿರುವುದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

928ರಲ್ಲಿ ಯಾವುದನ್ನು ಹುಡುಕಬೇಕು ಅಂತ ಒಬ್ಬರು ಕೇಳಿದರು. ಎಲ್ಲರೂ ಹಿಂದೆ ಬಿದ್ದಿರುವುದು 1992ರಿಂದ 1995ರವರೆಗಿನ ಜಿಟಿಎಸ್‌ಗೆ. 5.4 ಲೀಟರ್, 350 ಅಶ್ವಶಕ್ತಿ, ತಯಾರಾದದ್ದು ಮೂರು ಸಾವಿರಕ್ಕಿಂತ ಕಡಿಮೆ. ಕೈಯಿಂದ ಗೇರ್ ಹಾಕುವ ಜಿಟಿಎಸ್ ಇನ್ನೂ ವಿರಳ, ಅದಕ್ಕೆ ತಕ್ಕ ಬೆಲೆ. ಓಡಿಸುವುದಕ್ಕೇ ಕೊಳ್ಳುವವರಿಗೆ ನಾನು ಹೇಳುವುದು 1987ರ ನಂತರದ ಎಸ್4. 5 ಲೀಟರ್, 320 ಅಶ್ವಶಕ್ತಿ, ಈ ಕಾರಿನ ಸ್ವಭಾವಕ್ಕೆ ಹೊಂದುವ ಆಟೋಮ್ಯಾಟಿಕ್. ಮೂಲ ರೂಪ ಬೇಕು ಅನ್ನುವವರಿಗೆ 1977-78ರ ಮೊದಲ ಕಾರುಗಳು. ಅವುಗಳದ್ದು ಹಿಂದೆ ಸ್ಪಾಯ್ಲರ್ ಇಲ್ಲದ ನುಣುಪು ಮೈ.

ಎಸ್‌ಎಂನಲ್ಲಿ ಕಾರ್ಬುರೇಟರ್ ಕಾರಾ, ಇಂಜೆಕ್ಷನ್ ಕಾರಾ ಅಂತ ಇನ್ನೊಬ್ಬರು ಕೇಳಿದರು. 1972ರಿಂದ ಬಾಷ್ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು, 178 ಅಶ್ವಶಕ್ತಿ. ಹೊಸದಿದ್ದಾಗ ಅದೇ ಮೇಲು. ಇವತ್ತು ನಾನು ಕಾರ್ಬುರೇಟರ್ ಕಡೆ. ವೆಬರ್ ರಿಪೇರಿ ಬಲ್ಲವರು ಎಲ್ಲ ಕಡೆ ಸಿಗುತ್ತಾರೆ, ಭಾಗಗಳೂ ಸಿಗುತ್ತವೆ. ಆ ಕಾಲದ ಇಂಜೆಕ್ಷನ್ ಕಂಪ್ಯೂಟರ್ ಕೆಟ್ಟರೆ ಅದನ್ನು ಅರಿತವರು ಬಹಳ ಕಡಿಮೆ. ಐದು ಗೇರಿನ ಮ್ಯಾನ್ಯುಯಲ್ ನೋಡಿ, ಯುರೋಪಿನ ಆರು ದೀಪದ ಮುಖ ಇರಲಿ. ಮಿಶೆಲಿನ್‌ನ ರಾಳದ ಚಕ್ರಗಳು ಜೊತೆಗೆ ಸಿಕ್ಕರೆ ನಿಮ್ಮ ಅದೃಷ್ಟ. ಉಕ್ಕಿನ ಚಕ್ರದ ಅರ್ಧ ತೂಕವೂ ಇಲ್ಲದ ಅವು ಈಗ ಬಹಳ ವಿರಳ. ಅವನ್ನು ತೆಗೆದಿಟ್ಟು ದಿನದ ಓಡಾಟಕ್ಕೆ ಉಕ್ಕಿನವನ್ನೇ ಹಾಕಿ. ಮತ್ತೆ, ಕೊಳ್ಳುವ ಮುನ್ನ ರಾತ್ರಿ ಒಂದು ಸಲ ಓಡಿಸಿ ನೋಡಿ. ಒಳಗಿನ ದೀಪಗಳು ಸ್ಟಿಯರಿಂಗ್ ಜೊತೆ ಈಗಲೂ ತಿರುಗುತ್ತಿದ್ದರೆ, ಹಿಂದಿನ ಮಾಲೀಕ ಸಣ್ಣ ಕೆಲಸವನ್ನೂ ಬಿಡದೆ ಮಾಡಿಸಿದ್ದಾನೆ ಅಂತ ಅರ್ಥ. ಚೈನಿನ ಬಿಲ್ಲು ಕೂಡ ಅವನ ಹತ್ತಿರ ಇರುವ ಸಾಧ್ಯತೆ ಜಾಸ್ತಿ.